ಮೂರನೆಯ ಮಹಡಿಯ ಕಿಟಕಿ: ಹಗ್ಗದಲ್ಲಿ ಇಳಿಸುವ ಪೆಟ್ಟಿಗೆಯ ಒಂದು ಪ್ರಕರಣ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಅಪಾರ್ಟ್‌ಮೆಂಟಿನಲ್ಲಿ ನಡೆದ ಸಂಗತಿ ಇದು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಅವರ ಹೆಸರು, ಬಡಾವಣೆಯ ಹೆಸರು, ಕಟ್ಟಡದ ಹೆಸರು ಯಾವುದೂ ಇಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳನ್ನೂ ಘಟನೆಗಳ ಕ್ರಮವನ್ನೂ ಬದಲಿಸಿಲ್ಲ. ನಾನು ಬಹಳ ವರ್ಷ ಗಾಜಿನ ಕಟ್ಟಡಗಳ ಹೊರಮೈ ತೊಳೆಯುವ ತಂಡದಲ್ಲಿ ಹಗ್ಗಕ್ಕೆ ನೇತುಬಿದ್ದು ಕೆಲಸ ಮಾಡಿದವನು. ಈಗ ಎತ್ತರದ ಕೆಲಸ ಮಾಡುವವರಿಗೆ ಸುರಕ್ಷತೆಯ ತರಬೇತಿ ಕೊಡುತ್ತೇನೆ. ಹೀಗಾಗಿ ಆ ಮನೆಯವರು ನನ್ನನ್ನು ಕರೆಸಿದ್ದರು.

ಮನೆ ಮತ್ತು ಮನೆಯವರು

ಕೆಳಗೆ ಸ್ಟಿಲ್ಟ್ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಹನ್ನೆರಡು ಮನೆ. ಒಂದೇ ಮೆಟ್ಟಿಲು, ಅದಕ್ಕೆ ಅಂಟಿಕೊಂಡ ಒಂದೇ ಲಿಫ್ಟ್. ಮೆಟ್ಟಿಲಿನ ಬುಡದಲ್ಲೇ ಹನ್ನೆರಡೂ ಮನೆಗಳ ಮೀಟರ್ ಬೋರ್ಡ್. ತಾರಸಿಯ ನೆಲದವರೆಗೆ ಅಳೆದರೆ 14.7 ಮೀಟರ್. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ 15 ಮೀಟರ್ ಮತ್ತು ಅದಕ್ಕೂ ಮೇಲಿನದು ಬಹುಮಹಡಿ ಕಟ್ಟಡ. ಅಗ್ನಿ ಸುರಕ್ಷತೆಯ ಬಿಗಿಯಾದ ನಿಯಮಗಳು ಅಲ್ಲಿಂದ ಶುರುವಾಗುತ್ತವೆ. ಗೆರೆಯ ಈಚೆಗೆ ಮೂವತ್ತು ಸೆಂಟಿಮೀಟರ್ ಉಳಿಸಿ ಕಟ್ಟಿದ ಇಂಥ ಕಟ್ಟಡಗಳು ನಮ್ಮ ನಗರದಲ್ಲಿ ಬೀದಿಗೊಂದು ಸಿಗುತ್ತವೆ. ಹೊಗೆಗೆ ಮಾತ್ರ ಆ ಗೆರೆ ಕಾಣುವುದಿಲ್ಲ.

ಮೂರನೆಯ ಮಹಡಿಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರ ಸಂಸಾರ. ಇಡೀ ಕಟ್ಟಡ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತದೆ. ನಾನೂ ಹಾಗೆಯೇ ಕರೆಯುತ್ತೇನೆ. ಅವರಿಗೆ 71, ಪತ್ನಿಗೆ 66. ಪತ್ನಿಗೆ ಮಂಡಿ ನೋವು, ಕೈಬೆರಳಿನ ಗೆಣ್ಣುಗಳಲ್ಲಿ ಬಾವು. ಜೊತೆಯಲ್ಲಿ ಮಗಳು ಮತ್ತು ಏಳು ವರ್ಷದ ಮೊಮ್ಮಗಳು. ಮಗ ದಕ್ಷಿಣ ಕೊರಿಯಾದಲ್ಲಿ ಕೆಲಸದಲ್ಲಿದ್ದಾರೆ.

2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ಸತ್ತರು. ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದವರನ್ನು ಈ ನಗರ ಟಿವಿಯಲ್ಲಿ ನೋಡಿತು. ಮೇಷ್ಟ್ರ ಮಗ ಆಗ ವಿದ್ಯಾರ್ಥಿ. ಆ ದೃಶ್ಯ ತನ್ನ ತಲೆಯಿಂದ ಹೋಗಿಲ್ಲ ಎಂದು ಅವರು ನನಗೆ ಫೋನಿನಲ್ಲಿ ಹೇಳಿದರು. ಕೊರಿಯಾದಲ್ಲಿ ಹೋಟೆಲಿನ ಕೋಣೆಗಳ ಕಿಟಕಿಯ ಬದಿಯಲ್ಲಿ ಪುಟ್ಟ ಪೆಟ್ಟಿಗೆಗಳನ್ನು ಕಂಡಾಗ ಅದೇ ದೃಶ್ಯ ನೆನಪಾಯಿತಂತೆ. ಬೆಂಕಿ ಬಿದ್ದಾಗ ಹಗ್ಗದ ಮೂಲಕ ನಿಧಾನವಾಗಿ ಇಳಿಸುವ ಸಾಧನ ಅದು. ಅಲ್ಲಿ 3ರಿಂದ 10ನೆಯ ಮಹಡಿಯವರೆಗೆ ಇದು ಸಾಮಾನ್ಯ ನೋಟ; ಜಪಾನಿನಲ್ಲೂ ಇದೆ. ರಜೆಗೆ ಬಂದಾಗ ಒಂದನ್ನು ತಂದೆ-ತಾಯಿಗೆಂದು ಹೊತ್ತು ತಂದರು. ಮೇಷ್ಟ್ರು ಅದನ್ನು ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಜೋಪಾನವಾಗಿಟ್ಟರು. ಒಂದೂವರೆ ವರ್ಷ ಅದು ಅಲ್ಲೇ ಇತ್ತು.

ಪೆಟ್ಟಿಗೆ ಏನು ಮಾಡುತ್ತದೆ

ಅಂಗೈಗಿಂತ ಸ್ವಲ್ಪ ದೊಡ್ಡದಾದ ಲೋಹದ ಗೂಡು. ಒಳಗೆ ರಾಟೆ, ರಾಟೆಯ ಮೇಲೆ ಹಗ್ಗ. ಇಳಿಯುವವರ ಭಾರಕ್ಕೆ ಹಗ್ಗ ಓಡಿದಾಗ ರಾಟೆ ತಿರುಗುತ್ತದೆ. ಹಲ್ಲುಚಕ್ರಗಳು ಆ ವೇಗವನ್ನು ಹಲವು ಪಟ್ಟು ಹೆಚ್ಚಿಸುತ್ತವೆ. ಜೋರಾಗಿ ಸುತ್ತುವ ಬ್ರೇಕ್ ಶೂಗಳು ಹೊರಕ್ಕೆ ಚಾಚಿ ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತವೆ. ಗೇರಿಲ್ಲದ ಸ್ಕೂಟರಿನ ಕ್ಲಚ್ ಕೆಲಸ ಮಾಡುವುದೂ ಇದೇ ತತ್ತ್ವದಿಂದ. ಭಾರ ಹೆಚ್ಚಿದಷ್ಟೂ ಉಜ್ಜುವಿಕೆ ಹೆಚ್ಚು. ಹಾಗಾಗಿ ದಪ್ಪಗಿರುವವರೂ ತೆಳ್ಳಗಿರುವವರೂ ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಇಳಿಯುತ್ತಾರೆ. ಕೊರಿಯಾದ ನಿಯಮ ಒಪ್ಪುವ ವೇಗ ಸೆಕೆಂಡಿಗೆ 16ರಿಂದ 150 ಸೆಂಟಿಮೀಟರ್. ಇಳಿಯುವವರು ಹಗ್ಗವನ್ನು ಹಿಡಿಯಬೇಕಾಗಿಲ್ಲ, ಬ್ರೇಕ್ ಒತ್ತಬೇಕಾಗಿಲ್ಲ. ಹಗ್ಗದ ಎರಡು ತುದಿಯಲ್ಲೂ ಪಟ್ಟಿ ಇರುತ್ತದೆ. ಬಾವಿಯ ಜೋಡಿ ಕೊಡಗಳ ಹಾಗೆ ಒಂದು ಕೆಳಗಿಳಿದಾಗ ಇನ್ನೊಂದು ಮೇಲೆ ಬರುತ್ತದೆ, ಮುಂದಿನವರು ಅದನ್ನು ಹಾಕಿಕೊಳ್ಳುತ್ತಾರೆ.

ಈ ಪೆಟ್ಟಿಗೆಯ ಹಗ್ಗ 15 ಮೀಟರ್ ಉದ್ದದ್ದು, ಒಳಗೆ ಉಕ್ಕಿನ ತಂತಿ, ಹೊರಗೆ ನೂಲಿನ ಹೊದಿಕೆ. ಮೇಲೆ ಅಂಟಿಸಿದ ಫಲಕದಲ್ಲಿ ಭಾರದ ಮಿತಿ: 25ರಿಂದ 150 ಕೆಜಿ. ಈ 25 ಎಂಬ ಅಂಕಿಯನ್ನು ಆ ಮನೆಯಲ್ಲಿ ಯಾರೂ ಓದಿರಲಿಲ್ಲ.

ಮೊದಲ ಭಾನುವಾರ

ಪಕ್ಕದ ಬೀದಿಯಲ್ಲಿ ಒಂದು ಎಲೆಕ್ಟ್ರಿಕ್ ಸ್ಕೂಟರ್ ಸುಟ್ಟ ಮೇಲೆ ಮೇಷ್ಟ್ರು ಪೆಟ್ಟಿಗೆಯನ್ನು ಹೊರತೆಗೆದು ನನಗೆ ಫೋನ್ ಮಾಡಿದರು. "ಹೇಗೆ ಬಳಸುವುದೆಂದು ಒಂದು ಗಂಟೆ ಹೇಳಿಕೊಟ್ಟರೆ ಸಾಕು" ಎಂದರು. ಒಂದು ಗಂಟೆಗೆಂದು ಹೋದವನು ಆರು ಭಾನುವಾರ ಹೋದೆ.

ಹಾಲಿನ ಬಾಲ್ಕನಿಯ ಕಬ್ಬಿಣದ ಗ್ರಿಲ್ಲಿಗೆ ಕೊಕ್ಕೆ ಹಾಕಿದರಾಯಿತು ಎಂಬುದು ಅವರ ಎಣಿಕೆ. ಮರಳು ತುಂಬಿದ ಚೀಲವನ್ನು ಗ್ರಿಲ್ಲಿಗೆ ನೇತುಹಾಕಿ, ನಾವಿಬ್ಬರೂ ಸೇರಿ ಹಗ್ಗವನ್ನು ಜಗ್ಗಿದೆವು. ಗ್ರಿಲ್ಲಿನ ಮೇಲಿನ ಬಲಮೂಲೆಯಲ್ಲಿ ಸಿಮೆಂಟಿನ ಪುಡಿ ಉದುರಿತು. ಬೆರಳಿಟ್ಟು ನೋಡಿದರೆ ತಿರುಪು ಅಲುಗುತ್ತಿತ್ತು. ಆರಿಂಚಿನ ಬ್ಲಾಕ್ ಗೋಡೆಗೆ ಪ್ಲಾಸ್ಟಿಕ್ ಬೆಣೆ ಹೊಡೆದು ಕೂರಿಸಿದ ಗ್ರಿಲ್ ಅದು. ಕಳ್ಳನನ್ನು ಹೊರಗೆ ನಿಲ್ಲಿಸುವುದಕ್ಕೆ ಸಾಕು. ಒಬ್ಬ ಮನುಷ್ಯನ ಪ್ರಾಣವನ್ನು ನೇತುಹಾಕುವುದಕ್ಕೆ ಸಾಲದು. ಒಬ್ಬರ ಬಳಕೆಯ ಆ್ಯಂಕರ್ (ಹಗ್ಗವನ್ನು ತೂಗುಹಾಕುವ ಗಟ್ಟಿ ಆಧಾರ) 12 ಕಿಲೋನ್ಯೂಟನ್, ಅಂದರೆ ಸುಮಾರು 1,200 ಕೆಜಿಯ ಎಳೆತವನ್ನು ತಾಳಬೇಕೆಂಬುದು ನಾವು ಕೆಲಸದಲ್ಲಿ ಪಾಲಿಸುವ ಯುರೋಪಿನ ಮಾನದಂಡ. ಮೇಷ್ಟ್ರು ಆ ಸಿಮೆಂಟಿನ ಪುಡಿಯನ್ನು ಅಂಗೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

ಈ ಸಾಧನವನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು ಎಂದು ಹೇಳಿ ಮಾರುತ್ತಾರೆ. ಪೆಟ್ಟಿಗೆಯನ್ನು ಒಯ್ಯಬಹುದು, ನಿಜ. ಅದನ್ನು ತೂಗುಹಾಕುವ ಜಾಗವನ್ನು ಒಯ್ಯಲಾಗುವುದಿಲ್ಲ. ಈ ಪ್ರಕರಣದ ಮೊದಲ ತಿರುವು ಆ ಬೆಳಿಗ್ಗೆಯೇ ಬಂತು.

ಯಾವ ಕಿಟಕಿ?

ಹಾಲಿನ ಬಾಲ್ಕನಿ ರಸ್ತೆಯ ಕಡೆಗೆ. ಅಲ್ಲಿಂದ ಒಂದೂವರೆ ಮಾರಿನಷ್ಟು ದೂರದಲ್ಲಿ ವಿದ್ಯುತ್ ತಂತಿ ಹಾದುಹೋಗಿತ್ತು. ಒಳಗೆ ಉಕ್ಕಿನ ತಂತಿಯಿರುವ ಹಗ್ಗ ಗಾಳಿಗೆ ಓಲಾಡಿದರೆ ಏನಾಗುತ್ತದೆಂದು ಯೋಚಿಸಿ ಅದನ್ನು ಕೈಬಿಟ್ಟೆವು. ಹಿಂಬದಿಯ ಯುಟಿಲಿಟಿಯಲ್ಲಿ ತಂತಿಯ ಭಯವಿಲ್ಲ, ಜಾಗವೂ ಧಾರಾಳ. ಆದರೆ ಅದರ ಕೆಳಗೆ ಸಾಲಾಗಿ ಎರಡು ಮನೆಗಳ ಯುಟಿಲಿಟಿ, ಅಲ್ಲಿ ಗ್ಯಾಸ್ ಸಿಲಿಂಡರ್, ಅದರ ಪಕ್ಕ ಅಡುಗೆಮನೆಯ ಕಿಟಕಿ. ಕೆಳಗಿನ ಕಿಟಕಿಯಿಂದ ಜ್ವಾಲೆ ಹೊರಕ್ಕೆ ಚಾಚಿದರೆ ಇಳಿಯುವವರು ನೇರ ಅದರೊಳಕ್ಕೆ ಇಳಿಯುತ್ತಾರೆ. ಅದನ್ನೂ ಬಿಟ್ಟೆವು.

ಉಳಿದದ್ದು ಪೂರ್ವದ ಮಲಗುವ ಕೋಣೆಯ ಕಿಟಕಿ. ಅದರ ಕೆಳಗೆ ಎರಡೂ ಮನೆಗಳ ಮಲಗುವ ಕೋಣೆಗಳು ಮಾತ್ರ. ನೆಲದಲ್ಲಿ ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ಐದಡಿಯ ಓಣಿ. ಓಣಿಯಲ್ಲಿ ಕೆಟ್ಟ ನೀರಿನ ಮೋಟಾರ್, ಹೂಕುಂಡ, ಯಾರದೋ ಹಳೆಯ ಮಂಚ. ಕಾಂಪೌಂಡಿನ ಮೇಲೆ ಒಡೆದ ಸೀಸೆಯ ಚೂರುಗಳು. ಎರಡನೆಯ ಮಹಡಿಯ ಸಜ್ಜಾ ಗೋಡೆಯಿಂದ ಎರಡಡಿ ಮುಂದಕ್ಕೆ ಚಾಚಿತ್ತು. ಹಗ್ಗ ಗೋಡೆಗೆ ಒತ್ತಿ ಇಳಿದರೆ ಅದರ ಅಂಚಿಗೆ ಉಜ್ಜುತ್ತದೆ, ಮನುಷ್ಯರ ಮೊಣಕಾಲು ಅದಕ್ಕೆ ಬಡಿಯುತ್ತದೆ. ಆದ್ದರಿಂದ ಹೊರಕ್ಕೆ ತಿರುಗುವ ಉಕ್ಕಿನ ತೋಳು ಬೇಕಾಯಿತು. ಅದನ್ನು ಅದೇ ತಯಾರಕರಿಂದ ತರಿಸಿದೆವು. ಕಿಟಕಿಯ ಬಲಬದಿಯ ಆರ್‌ಸಿಸಿ ಕಾಲಮಿಗೆ ರಾಸಾಯನಿಕ ಆ್ಯಂಕರ್ (ಕೊರೆದ ತೂತಿನಲ್ಲಿ ಅಂಟು ತುಂಬಿ ನಿಲ್ಲಿಸುವ ಬೋಲ್ಟ್) ಹಾಕಿ ಕೂರಿಸಿ, ಅಂಟು ಪೂರ್ತಿ ಗಟ್ಟಿಯಾದ ಮೇಲೆ ಪ್ರತಿ ಆ್ಯಂಕರನ್ನೂ ಮಾಪಕ ಯಂತ್ರದಿಂದ 6 ಕಿಲೋನ್ಯೂಟನ್ ಎಳೆತದಲ್ಲಿ 15 ಸೆಕೆಂಡ್ ಹಿಡಿದು ನೋಡಿದೆವು. ಒಂದೂ ಅಲುಗಲಿಲ್ಲ. ಪೆಟ್ಟಿಗೆಯ ಬೆಲೆಗಿಂತ ತೋಳು, ಆ್ಯಂಕರುಗಳ ಖರ್ಚೇ ಹೆಚ್ಚಾಯಿತು. ಮೇಷ್ಟ್ರು ಮರುಮಾತಿಲ್ಲದೆ ಕೊಟ್ಟರು.

ಮಾತು ಬೆಳೆದದ್ದು ಗ್ರಿಲ್ಲಿನ ವಿಷಯದಲ್ಲಿ. ಆ ಕಿಟಕಿಗೂ ಗ್ರಿಲ್ ಇತ್ತು. ಅದರಲ್ಲೊಂದು ಸಣ್ಣ ಬಾಗಿಲು, ಬಾಗಿಲಿಗೆ ಬೀಗ, ಬೀಗದ ಕೀಲಿ ದೇವರ ಮನೆಯ ಗೂಡಿನಲ್ಲಿ ಕುಂಕುಮದ ಬಟ್ಟಲಿನ ಹಿಂದೆ. ಕತ್ತಲಲ್ಲಿ, ಹೊಗೆಯಲ್ಲಿ ಆ ಕೀಲಿ ಸಿಗುತ್ತದೆಯೇ ಎಂದು ಕೇಳಿದೆ. ಮೇಷ್ಟ್ರ ಪತ್ನಿ ಬೀಗ ತೆಗೆಸಲು ಸುತಾರಾಂ ಒಪ್ಪಲಿಲ್ಲ. ಹತ್ತು ವರ್ಷದ ಹಿಂದೆ ಅದೇ ಬೀದಿಯಲ್ಲಿ ಪೈಪು ಹಿಡಿದು ಹತ್ತಿದ ಕಳ್ಳ ಒಬ್ಬ ಹೆಂಗಸಿನ ಸರ ಕಿತ್ತುಕೊಂಡು ಹೋಗಿದ್ದ. "ಬೆಂಕಿ ಒಂದು ದಿನ ಬರಬಹುದು, ಬಾರದೆಯೂ ಇರಬಹುದು. ನನಗೆ ಕಳ್ಳನ ಭಯ ದಿನಾ ರಾತ್ರಿ ಇದೆಯಪ್ಪಾ" ಎಂದರು. ಆ ಮಾತಿಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಆಕೆಯ ಭಯ ಸುಳ್ಳಲ್ಲ. ಅದನ್ನು ಅಜ್ಞಾನ ಎಂದು ತಳ್ಳಿಹಾಕಿದ ಸುರಕ್ಷತಾ ತಜ್ಞರನ್ನು ನಾನು ಕಂಡಿದ್ದೇನೆ. ಅಂಥವರು ಹೇಳಿ ಹೋದ ಮನೆಗಳಲ್ಲಿ ಮಾರನೆಯ ದಿನವೇ ಬೀಗ ಮತ್ತೆ ಬಿದ್ದಿರುತ್ತದೆ. ಬಾಗಿಲನ್ನು 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರಕ್ಕೆ ಹಿಗ್ಗಿಸಿ, ಬೀಗದ ಬದಲು ಒಳಗಿನಿಂದ ಎಳೆಯುವ ಎರಡು ಅಗುಳಿ ಹಾಕಿಸಿ, ಹೊರಗಿನಿಂದ ಕೈ ತೂರದಂತೆ ಅವುಗಳ ಮುಂದೆ ಉಕ್ಕಿನ ತಗಡು ಬೆಸೆಸಿದೆವು. ಆಕೆ ಹೊರಗಿನಿಂದ ಕೈ ಹಾಕುವುದು ಸಾಧ್ಯವೇ ಎಂದು ವೆಲ್ಡಿಂಗಿನವನನ್ನು ಏಣಿ ಹತ್ತಿಸಿ ಪರೀಕ್ಷಿಸಿದ ಮೇಲೆಯೇ ಒಪ್ಪಿದರು.

ಮರಳಿನ ಚೀಲ ಕಲಿಸಿದ್ದು

ಜನರನ್ನು ಇಳಿಸುವ ಮೊದಲು ಚೀಲ ಇಳಿಸಿದೆವು. 70 ಕೆಜಿಯ ಚೀಲ ಹನ್ನೆರಡು ಸೆಕೆಂಡಿನಲ್ಲಿ ನೆಲ ಮುಟ್ಟಿತು. ಆಮೇಲೆ ಮೊಮ್ಮಗಳ ತೂಕದ, 22 ಕೆಜಿಯ ಚೀಲ. ಅದು ಎರಡನೆಯ ಮಹಡಿಯವರೆಗೆ ತಡವರಿಸುತ್ತಾ ಇಳಿದು, ಗಾಳಿಗೆ ಗಿರಕಿ ಹೊಡೆಯುತ್ತಾ ನಿಂತೇಬಿಟ್ಟಿತು. ಹಲ್ಲುಚಕ್ರಗಳ ಬಿಗಿಯನ್ನು ಮೀರುವಷ್ಟು ಭಾರ ಅದಕ್ಕಿರಲಿಲ್ಲ. ಕಿಟಕಿಯಲ್ಲಿ ನಿಂತಿದ್ದ ಮಗಳು ಮುಖ ಆಚೆ ತಿರುಗಿಸಿದರು. "ಮೊದಲು ಮಗುವನ್ನೇ ಕಳುಹಿಸುವುದು ಅಂದುಕೊಂಡಿದ್ದೆವು ಸರ್" ಎಂದರು.

ತಯಾರಕರಿಗೆ ಇಮೇಲ್ ಬರೆದು ಕೇಳಿದೆ. ತಾಯಿ ಮತ್ತು ಮಗುವಿನ ಒಟ್ಟು ಭಾರ ಮಿತಿಯೊಳಗಿದ್ದು, ಮಗುವಿಗೆ ಅದರದೇ ಪೂರ್ಣದೇಹದ ಹಾರ್ನೆಸ್ ಇದ್ದರೆ ಇಬ್ಬರೂ ಒಂದೇ ಕೊಕ್ಕೆಯಲ್ಲಿ ಇಳಿಯಬಹುದು ಎಂದು ಉತ್ತರ ಬಂತು. ಇದು ಈ ಮಾದರಿಗೆ ಸಿಕ್ಕ ಉತ್ತರ. ಬೇರೆ ಪೆಟ್ಟಿಗೆ ಇರುವವರು ತಮ್ಮ ತಯಾರಕರನ್ನೇ ಕೇಳಬೇಕು. ಇಬ್ಬರೂ ಸೇರಿ 80 ಕೆಜಿ. ಹೀಗೆ ಮೊದಲ ಸರದಿ ತಾಯಿ-ಮಗಳದ್ದಾಯಿತು, ಎರಡನೆಯದು ಅಜ್ಜಿಯದ್ದು, ಕೊನೆಯದು ಮೇಷ್ಟ್ರದ್ದು. ಅಜ್ಜಿಯ ಬೆರಳುಗಳಿಗೆ ಕಾರಾಬಿನರಿನ, ಅಂದರೆ ಪಟ್ಟಿಯನ್ನು ಹಗ್ಗಕ್ಕೆ ಸೇರಿಸುವ ಲೋಹದ ಕೊಕ್ಕೆಯ ತಿರುಪು ಬಿಗಿಯಲು ಆಗುತ್ತಿರಲಿಲ್ಲ. ಅದನ್ನು ಹಾಕಿಕೊಡುವವರು ಹಿಂದೆ ಇರಲೇಬೇಕಿತ್ತು.

ಪೆಟ್ಟಿಗೆಯೊಂದಿಗೆ ಬಂದದ್ದು ಎದೆಪಟ್ಟಿ. ತಲೆಯ ಮೇಲಿಂದ ಹಾಕಿಕೊಂಡು ಕಂಕುಳ ಕೆಳಗೆ ಬಿಗಿಸುವಂಥದ್ದು. ಅದನ್ನು ಹಾಕಿಕೊಂಡವರು ಎರಡೂ ತೋಳುಗಳನ್ನು ಮೇಲೆತ್ತಬಾರದು; ಎತ್ತಿದರೆ ಪಟ್ಟಿ ಜಾರಿ ಹೋಗಬಹುದು. ಕೋಣೆಯೊಳಗೆ ನೆಲದಿಂದ ಒಂದಡಿ ಮೇಲೆ ಅಜ್ಜಿಯನ್ನು ತೂಗಿಸಿ ನೋಡಿದೆವು. ಕಾಲು ನೆಲ ಬಿಟ್ಟ ಕ್ಷಣ ಆಕೆ ಎರಡೂ ಕೈ ಮೇಲೆತ್ತಿ ಹಗ್ಗಕ್ಕಾಗಿ ತಡಕಾಡಿದರು. ಪಟ್ಟಿ ಕಂಕುಳಿಗೆ ಏರಿತು. ಬೀಳುವವರು ಮೇಲೆ ಏನನ್ನಾದರೂ ಹಿಡಿಯಲು ನೋಡುವುದು ಹುಟ್ಟಿನಿಂದ ಬಂದದ್ದು, ಹೇಳಿಕೊಟ್ಟು ಬಿಡಿಸುವುದು ಕಷ್ಟ. ಎದೆಪಟ್ಟಿಯನ್ನು ಅಲ್ಲಿಗೇ ಬಿಟ್ಟು, ರಕ್ಷಣಾ ತಂಡಗಳು ಬಳಸುವ ತ್ರಿಕೋನದ ಪಟ್ಟಿಗೆ ಬಂದೆವು. ಮಗುವಿಗೆ ಲಂಗೋಟಿ ಕಟ್ಟಿದ ಹಾಗೆ ಬೆನ್ನಿನಿಂದ ತಂದು, ಕಾಲುಗಳ ನಡುವಿನಿಂದ ಎಳೆದು, ಮುಂದೆ ಮೂರು ಮೂಲೆಗಳನ್ನೂ ಒಂದೇ ಕೊಕ್ಕೆಗೆ ಸೇರಿಸುವುದು. ತೋಳೆತ್ತಿದರೂ ಜಾರುವುದಿಲ್ಲ.

ಅದಕ್ಕೆ ಸೀರೆ ಅಡ್ಡ ಬಂತು, ಪಂಚೆಯೂ ಅಡ್ಡ ಬಂತು. ಯಾವ ಕೈಪಿಡಿಯಲ್ಲೂ ಈ ಮಾತು ಇರುವುದಿಲ್ಲ. ಎರಡು ಜೊತೆ ದಾರದ ಪೈಜಾಮಾ ಹೊಲಿಸಿ, ಪೆಟ್ಟಿಗೆಯ ಚೀಲದಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆವು. ಚೀಲ ಬೀರುವಿನಿಂದ ಹೊರಬಂದು ಪೂರ್ವದ ಕಿಟಕಿಯ ಪಕ್ಕದ ಮೊಳೆಗೆ ಏರಿತು.

ಇದೆಲ್ಲದರ ನಡುವೆ ಮಾಡಿದ ಒಂದು ಸಣ್ಣ ಕೆಲಸಕ್ಕೆ ಈಗ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ. ಹಾಲಿನಲ್ಲಿ ಮತ್ತು ಮಲಗುವ ಕೋಣೆಗಳಲ್ಲಿ ಬ್ಯಾಟರಿಯ ಹೊಗೆ ಎಚ್ಚರಿಕೆ ಗಂಟೆ ಹಾಕಿಸಿದ್ದು. ನಿದ್ದೆಯಲ್ಲಿರುವವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಎಂದು ನಂಬಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಅದು ನಿದ್ದೆಯನ್ನು ಇನ್ನಷ್ಟು ಗಾಢ ಮಾಡುತ್ತದೆ.

ಕಟ್ಟಡದ ಸಂಘಕ್ಕೂ ನಾಲ್ಕು ವಿಷಯ ಬರೆದುಕೊಟ್ಟೆ: ಮೀಟರ್ ಬೋರ್ಡಿನ ತಪಾಸಣೆ ಮಾಡಿಸಿ, ವೈರುಗಳು ಮೇಲೇರುವ ಡಕ್ಟನ್ನು ಪ್ರತಿ ಸ್ಲ್ಯಾಬಿನಲ್ಲೂ ಮುಚ್ಚಿಸಿ, ತಾರಸಿಯ ಬಾಗಿಲಿನ ಬೀಗ ತೆಗೆಯಿರಿ, ಪೂರ್ವದ ಓಣಿಯನ್ನು ಖಾಲಿ ಇಡಿ. ಓಣಿಯೊಂದು ಖಾಲಿಯಾಯಿತು. ಮಿಕ್ಕದ್ದು ಮುಂದಿನ ಸಭೆಗೆ ಹೋಯಿತು.

ಮೇ ತಿಂಗಳ ರಾತ್ರಿ

ಎಂಟು ತಿಂಗಳ ನಂತರ, ಮೇ ತಿಂಗಳ ಒಂದು ರಾತ್ರಿ ಗುಡುಗು ಮಳೆಯಾಗಿ ಕರೆಂಟು ಹೋಯಿತು. ಮೂರು ಗಂಟೆಯ ಸುಮಾರಿಗೆ ಬಂತು. ಬಂದ ಕೆಲವೇ ನಿಮಿಷದಲ್ಲಿ ಮೀಟರ್ ಬೋರ್ಡ್ ಹೊತ್ತಿಕೊಂಡಿತು. ಆಮೇಲೆ ನೋಡಿದಾಗ ಒಂದು ಮನೆಯ ಸಂಪರ್ಕದ ಟರ್ಮಿನಲ್ ಸಡಿಲವಾಗಿತ್ತು.

3:12ಕ್ಕೆ ಮೇಷ್ಟ್ರ ಹಾಲಿನ ಗಂಟೆ ಕಿರುಚಿತು. ಅವರು ಮುಂಬಾಗಿಲನ್ನು ತೆರೆಯಲಿಲ್ಲ. ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿದರು. ಬಾಗಿಲು ಬಿಸಿ ಇರಲಿಲ್ಲ. ಆದರೆ ಹೊಸ್ತಿಲ ಸಂದಿಯಿಂದ ಕಪ್ಪು ಹೊಗೆ ನೆಲಕ್ಕೆ ಅಂಟಿಕೊಂಡು ಒಳಗೆ ಬರುತ್ತಿತ್ತು. ಮೆಟ್ಟಿಲಿನ ಗೂಡು ಅಷ್ಟರಲ್ಲಿ ಚಿಮಣಿಯಾಗಿತ್ತು. ಸಂದಿಗೆ ಒದ್ದೆ ಟವೆಲ್ ತುರುಕಿ, ನಾಲ್ವರೂ ಪೂರ್ವದ ಕೋಣೆಗೆ ಸೇರಿ, ಆ ಬಾಗಿಲನ್ನೂ ಮುಚ್ಚಿದರು. ಮಗಳು 112ಕ್ಕೆ ಫೋನ್ ಮಾಡಿ ವಿಳಾಸ, ಮಹಡಿ, ಕಿಟಕಿಯ ದಿಕ್ಕು ಹೇಳಿದರು. ಆಗ 3:15.

ಈ ಪ್ರಕರಣದ ಅತಿ ಮುಖ್ಯ ತೀರ್ಮಾನ ಆಗ ಆಯಿತು. ತೋಳನ್ನು ಹೊರಕ್ಕೆ ತಿರುಗಿಸಿದರು, ಪೆಟ್ಟಿಗೆ ಸಿಕ್ಕಿಸಿದರು, ಪೈಜಾಮಾ ಹಾಕಿಕೊಂಡರು, ಪಟ್ಟಿ ಕಟ್ಟಿಕೊಂಡರು, ಅಗುಳಿ ಎಳೆದರು. ಆದರೆ ಇಳಿಯಲಿಲ್ಲ, ಕಾದರು. ಹಗ್ಗ ಕೊನೆಯ ದಾರಿ ಎಂದು ಅಭ್ಯಾಸದಲ್ಲಿ ಮಾತಾಡಿಕೊಂಡಿದ್ದೆವು. ಮುಚ್ಚಿದ ಬಾಗಿಲಿನ ಹಿಂದೆ, ಗಾಳಿ ಬರುವ ಕಿಟಕಿಯ ಬಳಿ ಕುಳಿತವರು ಹಗ್ಗದಲ್ಲಿ ತೂಗುವವರಿಗಿಂತ ಸುರಕ್ಷಿತ. ಕೋಣೆಯೊಳಗೆ ಹೊಗೆ ಬಂದರೆ ಮಾತ್ರ ಇಳಿಯುವುದು. ಇಳಿಯುವ ಮುನ್ನ ಕೆಳಗಿನ ಕಿಟಕಿಗಳಲ್ಲಿ ಬೆಂಕಿಯಿಲ್ಲವೆಂದು ಬಗ್ಗಿ ನೋಡುವುದು. ಆ ಗಡಿಬಿಡಿಯಲ್ಲೂ ಮೇಷ್ಟ್ರು ಈ ಮಾತನ್ನು ಬಿಡಲಿಲ್ಲ.

3:24ಕ್ಕೆ ಹೊಗೆ ಬಂತು, ಯಾರೂ ಎಣಿಸದ ಕಡೆಯಿಂದ. ಕೋಣೆಗೆ ಹೊಂದಿಕೊಂಡ ಸ್ನಾನದ ಮನೆಯ ವೆಂಟಿಲೇಟರ್ ಪೈಪುಗಳ ಡಕ್ಟಿಗೆ ತೆರೆದುಕೊಂಡಿತ್ತು. ಮೀಟರ್ ಬೋರ್ಡಿನ ಹೊಗೆ ಆ ಡಕ್ಟಿನಲ್ಲೂ ಏರಿತ್ತು. ಆರು ಭಾನುವಾರ ಆ ಕೋಣೆಯಲ್ಲಿ ನಿಂತ ನಾನು ಒಮ್ಮೆಯೂ ಸ್ನಾನದ ಮನೆಯ ಬಾಗಿಲು ತೆರೆದು ಮೇಲೆ ನೋಡಿರಲಿಲ್ಲ. ಮೇಷ್ಟ್ರು ಆ ಬಾಗಿಲನ್ನು ಎಳೆದು ಮುಚ್ಚಿ, ಸಂದಿಗೆ ಒದ್ದೆ ಹೊದಿಕೆ ಒತ್ತಿ, ಮಗಳಿಗೆ "ಇಳಿ" ಎಂದರು.

ಕೆಳಗೆ ವಾಚ್‌ಮನ್ ಓಣಿಗೆ ಬಂದಿದ್ದ. ಅಭ್ಯಾಸದ ದಿನಗಳಲ್ಲಿ ಅವನೂ ನಮ್ಮ ಜೊತೆಗಿದ್ದ. ಖಾಲಿ ಇಟ್ಟಿದ್ದ ಓಣಿಯಲ್ಲಿ ಯಾರೋ ಮತ್ತೆ ಒಂದು ಸ್ಕೂಟರ್ ನಿಲ್ಲಿಸಿದ್ದರು. ಹ್ಯಾಂಡಲ್ ಲಾಕ್ ಆಗಿದ್ದ ಅದನ್ನು ಅವನು ಒಬ್ಬನೇ ಬದಿಗೆ ಎಳೆದು ಉರುಳಿಸಿದ. ತಾಯಿ ಕಿಟಕಿಯ ಕಟ್ಟೆಯ ಮೇಲೆ ಕೂತು, ಮಗುವನ್ನು ಎದೆಗೆ ಮುಖ ಮಾಡಿ ಹಿಡಿದು, ಹೊರಕ್ಕೆ ಜಾರಿದರು. ಮಗು ಕಣ್ಣು ಮುಚ್ಚಿಕೊಂಡು ಒಂದು, ಎರಡು ಎಂದು ಎಣಿಸುತ್ತಿತ್ತಂತೆ. ಹನ್ನೊಂದಕ್ಕೆ ಕಾಲಿಗೆ ನೆಲ ಸಿಕ್ಕಿತು. ಹಗ್ಗದ ಇನ್ನೊಂದು ತುದಿ ಮೇಲೆ ಬಂತು.

ಅಜ್ಜಿಯ ಸರದಿ. ಪಟ್ಟಿ ಸರಿಯಾಗಿತ್ತು, ಮೇಷ್ಟ್ರೇ ಕೊಕ್ಕೆ ಹಾಕಿ ತಿರುಪು ಬಿಗಿದಿದ್ದರು. ಆಕೆ ಕಟ್ಟೆಯ ಮೇಲೆ ಕುಳಿತರು, ಕಾಲು ಹೊರಗೆ ಹಾಕಿದರು. ಆದರೆ ಎರಡೂ ಕೈಗಳಿಂದ ಗ್ರಿಲ್ಲಿನ ಚೌಕಟ್ಟನ್ನು ಹಿಡಿದುಕೊಂಡರು. ಬಿಡಲಿಲ್ಲ. "ನನ್ನ ಕೈ ಬರುವುದಿಲ್ಲ ರೀ. ನೀವು ಇಳಿಯಿರಿ" ಎಂದರು. ಮೇಷ್ಟ್ರು ಬೆರಳು ಬಿಡಿಸಲು ನೋಡಿದರು. ಬಾವು ಬಂದ ಆ ಬೆರಳುಗಳಲ್ಲಿ ಅಷ್ಟು ಶಕ್ತಿ ಎಲ್ಲಿತ್ತೋ ಎಂದು ಇಂದಿಗೂ ಹೇಳುತ್ತಾರೆ.

ಆಗ ಅವರು ಆಕೆಯನ್ನು ತಳ್ಳಬಹುದಿತ್ತು. ತಳ್ಳಲಿಲ್ಲ. ಹಿಡಿದ ಕೈ ಬಿಡದವರನ್ನು ತಳ್ಳಿದರೆ ಭುಜ ಕೀಲು ತಪ್ಪುತ್ತದೆ, ಮುಖ ಗೋಡೆಗೆ ಬಡಿಯುತ್ತದೆ ಎಂದು ಹೇಳಿದ್ದೆ. ಅವರು ಕೋಣೆಯೊಳಕ್ಕೆ ಟಾರ್ಚ್ ಹಿಡಿದು ನೋಡಿದರು. ಒದ್ದೆ ಹೊದಿಕೆ ಹೊಗೆಯನ್ನು ತಡೆದಿತ್ತು. ಚಾವಣಿಯ ಕೆಳಗೆ ತೆಳುವಾದ ಪದರವಷ್ಟೇ ಇತ್ತು. ಆಕೆಯನ್ನು ಕೊಕ್ಕೆಯ ಸಮೇತ ಒಳಗೆಳೆದು, ಕಿಟಕಿಯ ಕೆಳಗೆ ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತರು. ತಾನೊಬ್ಬನೇ ಇಳಿಯುವ ಯೋಚನೆ ಬರಲಿಲ್ಲವೇ ಎಂದು ನಾನು ಕೇಳಲಿಲ್ಲ.

ಅಗ್ನಿಶಾಮಕ ವಾಹನ 3:33ಕ್ಕೆ ಬಂತು. ಬೀದಿಯ ಎರಡೂ ಬದಿ ಕಾರು ನಿಂತಿದ್ದರಿಂದ ಕಟ್ಟಡದಿಂದ ಮೂರು ಮನೆ ಆಚೆಯೇ ನಿಲ್ಲಬೇಕಾಯಿತು. ಐದಡಿಯ ಓಣಿಗೆ ಏಣಿಯೂ ತಿರುಗುತ್ತಿರಲಿಲ್ಲ. ಕರೆಂಟು ಕಡಿತಗೊಳಿಸಿ, ಬೆಂಕಿ ಆರಿಸಿ, ಉಸಿರಾಟದ ಉಪಕರಣ ಹಾಕಿಕೊಂಡ ಸಿಬ್ಬಂದಿ ಮೆಟ್ಟಿಲಿನಿಂದಲೇ ಮೇಲೇರಿದರು. 3:41ಕ್ಕೆ ಬಾಗಿಲು ತಟ್ಟಿ, ಮುಖಕ್ಕೆ ಮುಸುಕು ಹಾಕಿ ಇಬ್ಬರನ್ನೂ ನಡೆಸಿಕೊಂಡು ಬಂದರು.

ನಾಲ್ಕನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಮೂವರು ಹುಡುಗರಿಗೆ ಆ ರಾತ್ರಿ ಇಷ್ಟು ಸುಲಭವಾಗಿ ಮುಗಿಯಲಿಲ್ಲ. ಗಲಾಟೆಗೆ ಎದ್ದವರು ಬಾಗಿಲು ತೆರೆದು ತಾರಸಿಗೆ ಓಡಿದರು. ತಾರಸಿಯ ಬಾಗಿಲಿಗೆ ಬೀಗ. ಕೀಲಿ ಮೊದಲ ಮಹಡಿಯ ಪದಾಧಿಕಾರಿಯ ಮನೆಯಲ್ಲಿ. ಹೊಗೆಯಲ್ಲಿ ಹಿಂದಿರುಗುವಾಗ ಒಬ್ಬ ಮೆಟ್ಟಿಲ ಮೇಲೇ ಕುಸಿದ. ಅಗ್ನಿಶಾಮಕ ಸಿಬ್ಬಂದಿ ಅವನನ್ನು ಹೊತ್ತು ತಂದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಉಳಿದುಕೊಂಡ. ಅವರ ಮನೆಯೊಳಕ್ಕೆ ಹೊಗೆ ಅಷ್ಟಾಗಿ ಬಂದಿರಲಿಲ್ಲ. ಬಾಗಿಲು ಮುಚ್ಚಿಕೊಂಡು ಬಾಲ್ಕನಿಯಲ್ಲಿ ನಿಂತಿದ್ದರೆ ಮೂವರಿಗೂ ಏನೂ ಆಗುತ್ತಿರಲಿಲ್ಲ ಎಂಬುದು ನನ್ನ ತಿಳುವಳಿಕೆ. ಆ ಬೀಗ ನನ್ನ ಪಟ್ಟಿಯಲ್ಲಿತ್ತು. ಎಂಟು ತಿಂಗಳು ಅದು ಮುಂದಿನ ಸಭೆಗೆ ಕಾಯುತ್ತಿತ್ತು. ಈ ಸಾಲನ್ನು ಬರೆಯುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ಈಗ ತಿರುಗಿ ನೋಡಿದಾಗ

ಪೆಟ್ಟಿಗೆ ಇಬ್ಬರನ್ನು ಇಳಿಸಿತು. ಇನ್ನಿಬ್ಬರನ್ನು ಉಳಿಸಿದ್ದು ಎರಡು ಬಾಗಿಲು, ಒಂದು ಒದ್ದೆ ಹೊದಿಕೆ ಮತ್ತು ಅಗ್ನಿಶಾಮಕ ಸಿಬ್ಬಂದಿ. ನಾಲ್ವರನ್ನೂ ಎಬ್ಬಿಸಿದ್ದು ಬ್ಯಾಟರಿಯ ಗಂಟೆ. ಈ ಸಾಧನ ಕೊಳ್ಳಬೇಕೇ ಎಂದು ಕೇಳುವವರಿಗೆ ನಾನು ಈ ಕ್ರಮದಲ್ಲಿಯೇ ಉತ್ತರ ಕೊಡುತ್ತೇನೆ: ಮೊದಲು ಗಂಟೆ, ಆಮೇಲೆ ಗ್ರಿಲ್ಲಿನ ಅಗುಳಿ, ಆಮೇಲೆ ಡಕ್ಟು ಮತ್ತು ತಾರಸಿಯ ಬಾಗಿಲು, ಅದಾದ ಮೇಲೆ ಹಗ್ಗ. ಹಾಗೆಂದು ಹಗ್ಗ ಬೇಡ ಎಂದಲ್ಲ. ಒಂದೇ ಮೆಟ್ಟಿಲಿನ ಕಟ್ಟಡದಲ್ಲಿ ಆ ಮೆಟ್ಟಿಲು ಹೊಗೆಯಿಂದ ತುಂಬಿದರೆ ಕಿಟಕಿ ಬಿಟ್ಟು ಇನ್ನೇನೂ ಉಳಿಯುವುದಿಲ್ಲ. ಆ ಕೋಣೆಗೆ ಹೊಗೆ ಇನ್ನೂ ದಟ್ಟವಾಗಿ ಬಂದಿದ್ದರೆ ಏಳು ವರ್ಷದ ಮಗು ಹನ್ನೊಂದು ಎಣಿಸುವಷ್ಟರಲ್ಲಿ ಹೊರಗಿತ್ತು ಎಂಬುದೊಂದೇ ಲೆಕ್ಕಕ್ಕೆ ಬರುತ್ತಿತ್ತು.

ನನ್ನ ಕೆಲಸದಲ್ಲಿ ಎರಡು ಕೊರತೆ ಇದ್ದವು. ಒಂದು ಸ್ನಾನದ ಮನೆಯ ವೆಂಟಿಲೇಟರ್. ಇನ್ನೊಂದು ಅಜ್ಜಿಯ ಕೈ. ಆಕೆಗೆ ತೂಗುವುದನ್ನು ಕಲಿಸಿದ್ದೆ, ಇಳಿಯುವುದನ್ನು ತೋರಿಸಿದ್ದೆ. ಕಟ್ಟೆಯ ಮೇಲೆ ಕುಳಿತು ಹಿಡಿದದ್ದನ್ನು ಬಿಡುವ ಒಂದು ಕ್ಷಣವನ್ನು ಅಭ್ಯಾಸ ಮಾಡಿಸಿರಲಿಲ್ಲ. ಮಂಡಿ ನೋವಿನವರನ್ನು ಕಟ್ಟೆ ಹತ್ತಿಸುವುದು ಬೇಡವೆಂದು ನಾನೇ ಬಿಟ್ಟಿದ್ದೆ. ಕರುಣೆಯಿಂದ ಮಾಡಿದ ಆ ರಿಯಾಯಿತಿ ಆಪತ್ತಿನಲ್ಲಿ ಆಕೆಗೇ ಅಡ್ಡವಾಯಿತು. ಈಗ ಯಾವ ಮನೆಗೆ ಹೋದರೂ ಮೊದಲು ಕಲಿಸುವುದು ಅದನ್ನೇ. ಒಂದೂವರೆ ಅಡಿ ಎತ್ತರದ ಗಟ್ಟಿ ಮೇಜಿನ ಅಂಚಿನಲ್ಲಿ ಕೂರಿಸಿ, ಕೊಕ್ಕೆ ಹಾಕಿ, ಎಡಗೈ ಬಿಡಿ, ಬಲಗೈ ಬಿಡಿ, ಎರಡನ್ನೂ ಎದೆಗೆ ಕಟ್ಟಿಕೊಳ್ಳಿ ಎಂದು ಇಪ್ಪತ್ತು ಸಲ ಮಾಡಿಸುತ್ತೇನೆ.

ಬಳಸಿದ ಪೆಟ್ಟಿಗೆಯನ್ನು ತಪಾಸಣೆಗೆ ತಯಾರಕರಿಗೆ ಕಳುಹಿಸಿದೆವು. ಅದು ಬರುವವರೆಗೆ ಬೇರೊಂದನ್ನು ಹಾಕಿಟ್ಟಿದ್ದೇವೆ. ವೆಂಟಿಲೇಟರಿಗೆ ಗಾಜಿನ ಮುಚ್ಚುಬಾಗಿಲು ಬಂತು. ಮೀಟರ್ ಬೋರ್ಡ್ ಮೆಟ್ಟಿಲಿನ ಬುಡದಿಂದ ಹೊರಗೋಡೆಗೆ ಹೋಯಿತು, ಡಕ್ಟಿನ ಸ್ಲ್ಯಾಬುಗಳಿಗೆ ಬೆಂಕಿ ತಡೆಯುವ ಗಾರೆ ಬಿತ್ತು, ತಾರಸಿಯ ಬಾಗಿಲಿಗೆ ಒಳಗಿನಿಂದ ತೆರೆಯುವ ಚಿಲಕ ಬಂತು. ಮೇಷ್ಟ್ರ ಪತ್ನಿ ಆಗಸ್ಟಿನ ಒಂದು ಬೆಳಿಗ್ಗೆ ಮೊದಲ ಮಹಡಿಯ ಕಿಟಕಿಯಿಂದ, ಪೈಜಾಮಾದ ಮೇಲೆ ಮಗಳ ಕುರ್ತಾ ಹಾಕಿಕೊಂಡು, ಎದೆಗೆ ಕೈ ಕಟ್ಟಿ ಇಳಿದರು. ಓಣಿಯಲ್ಲಿ ಮೊಮ್ಮಗಳು ಎಣಿಸುತ್ತಿದ್ದಳು.

ಹನ್ನೆರಡು ಮನೆಗಳಲ್ಲಿ ಒಂಬತ್ತು ಗ್ರಿಲ್ಲಿಗೆ ಅಗುಳಿ ಹಾಕಿಸಿವೆ. ಎರಡು ಮನೆಗಳಲ್ಲಿ ಕೆಲಸ ನಡೆಯುತ್ತಿದೆ. ಎರಡನೆಯ ಮಹಡಿಯ ಒಂದು ಮನೆಯಲ್ಲಿ ಹಿತ್ತಾಳೆಯ ಬೀಗ ಹಾಗೆಯೇ ಇದೆ, ಕೀಲಿ ಅಡುಗೆಮನೆಯ ಡಬ್ಬಿಯಲ್ಲಿದೆ. ಬರುವ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ಮೇಷ್ಟ್ರ ಪತ್ನಿಯೂ ಬರುತ್ತೇನೆಂದಿದ್ದಾರೆ.